ಬಿಲ್ಲಿನಲ್ಲಿ ಬರೆದ ಉಡಿ

ಉಡಿಗೂ ಬಿಲ್ಲು ಹಾಕುವ ಕಾಲ ಬರುತ್ತದೆ ಎಂದು ಬೀದರಿನಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಆ ಕಾಲ ಬಂತು, ಅದನ್ನು ಕೈಯಾರೆ ಕಂಪ್ಯೂಟರಿನೊಳಗೆ ಇಳಿಸಿದವನು ಗೋರಖನಾಥ. ಅವನು ಕೆಟ್ಟವನಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆಟ್ಟವರು ಅಷ್ಟು ನಾಜೂಕಾಗಿ ಕೆಲಸ ಮಾಡುವುದಿಲ್ಲ. ಮೈಲೂರಿನ ಬಾಡಿಗೆ ಮನೆಯಲ್ಲಿ ಹೆಂಡತಿ, ಭಾಲ್ಕಿಯಲ್ಲಿ ತಾಯಿ, ಊರಂಚಿನ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ಬಿಲ್ಲಿನ ಕಿಟಕಿಯ ಹಿಂದೆ ಒಂದು ಕುರ್ಚಿ, ಇಷ್ಟೇ ಅವನ ಸಂಸಾರ ಮತ್ತು ಸಾಮ್ರಾಜ್ಯ.

ಆ ಆಸ್ಪತ್ರೆಯಲ್ಲೊಂದು ಪದ್ಧತಿ ಇತ್ತು. ಹೆತ್ತ ಹೆಣ್ಣುಮಗಳು ಮನೆಗೆ ಹೊರಡುವ ದಿನ ಬಾಗಿಲ ಬಳಿಯ ಬೆಂಚಿನ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂಡಿಸಿ, ಅವಳ ಸೆರಗಿನಲ್ಲಿ ಜೋಳ, ಕೊಬ್ಬರಿ ಬಟ್ಟಲು, ಅರಿಶಿನದ ಬೇರು, ಉತ್ತತ್ತಿ, ಮೇಲೊಂದು ಕುಬಸದ ಖಣ ಹಾಕಿ ಉಡಿ ತುಂಬಿ ಕಳಿಸುತ್ತಿದ್ದರು. ಆಸ್ಪತ್ರೆಯ ಒಡತಿ ಡಾಕ್ಟರಬಾಯಿಯ ಅತ್ತೆ ಹಾಕಿಕೊಟ್ಟ ಪದ್ಧತಿ ಅದು. ಅತ್ತೆ ಇರುವ ತನಕ ಜೋಳ ಕಮಠಾಣದ ಅವರ ಹೊಲದಿಂದಲೇ ಚೀಲಗಟ್ಟಲೆ ಬರುತ್ತಿತ್ತು, ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ಅತ್ತೆ ತೀರಿಕೊಂಡಳು. ಆಮೇಲೆ ಮಳೆಯೂ ಅವಳ ಹಿಂದೆಯೇ ಹೊರಟುಹೋಯಿತು. ಜೋಳವನ್ನು ಅಂಗಡಿಯಿಂದ ತರಬೇಕಾಯಿತು.

ಅದೇ ಹೊತ್ತಿಗೆ ಹೈದರಾಬಾದಿನಿಂದ ಹೊಸ ಸಾಫ್ಟ್‌ವೇರು ಬಂದು ಕೂತಿತು. ಅದರ ಕಾನೂನು ಬಲು ಸರಳ. ಆಸ್ಪತ್ರೆಯಿಂದ ಏನು ಹೊರಗೆ ಹೋದರೂ ಅದಕ್ಕೊಂದು ಹೆಸರಿರಬೇಕು; ಹೆಸರಿದ್ದರೆ ದರವಿರಬೇಕು; ದರವಿದ್ದರೆ ಅದು ಯಾರದಾದರೂ ಬಿಲ್ಲಿಗೆ ಹತ್ತಲೇಬೇಕು. ಪರದೆಯ ಎಡಗಡೆ ಸರಕಾರದ ವಿಮೆಯ ಕಾರ್ಡು ಕೊಡುವ ಬಾಬ್ತುಗಳು. ಬಲಗಡೆ ವಿಮೆಯವರು ತಿರುಗಿಯೂ ನೋಡದ ಬಾಬ್ತುಗಳು, ಅಂದರೆ ಜೊತೆಗೆ ಬಂದವರ ಮಂಚ, ಕೂಸಿನ ಕುಲಾಯಿ, ಕಾಯಿಸಿದ ನೀರು, ಜನನದ ದಾಖಲೆಯ ಓಡಾಟ. ಅವುಗಳ ಸಾಲಿನ ಕೊನೆಗೆ ಗೋರಖನಾಥ "ಉಡಿ ಸಾಮಾನು" ಎಂದು ಟೈಪು ಮಾಡಿ ಸೇರಿಸಿದ. ಮ್ಯಾನೇಜರ್ ರಶೀದ ಅಹ್ಮದರು ಕನ್ನಡಕ ಏರಿಸಿ ನೋಡಿ, "ಠೀಕ್ ಅದ" ಎಂದರು.

ಠೀಕ್ ಅಲ್ಲ ಎಂದವಳು ಒಬ್ಬಳೇ, ಆಯಾ ಪುತಳಾಬಾಯಿ. ಆಸ್ಪತ್ರೆಯವರೆಲ್ಲ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಉಡಿ ತುಂಬುವ ಕೈ ಅವಳದೇ.

"ಉಡಿಗಿ ಬಿಲ್ ಹಾಕ್ತಾರೇನ್ರಿ ಗೋರಖಣ್ಣ? ನಾಳಿ ಆಶೀರ್ವಾದಕ್ಕೂ ರಸೀದಿ ಕೊಡ್ತೀರೇನು?"

"ಮಾವಶಿ, ವಿಮಾದವ್ರು ಜೋಳಕ್ಕ ರೊಕ್ಕ ಕೊಡಂಗಿಲ್ಲರಿ. ಕಂಪ್ಯೂಟರಿಗಿ ಎಲ್ಲಾ ಹೇಳಬೇಕಾಗ್ತದ."

"ಹಾಂಗಾರ ಅದಕ್ಕ ಇದೂ ಹೇಳ್ರಿ. ಹೆಣ್ಣಿನ ಉಡಿ ನಿನ್ನ ಹೊಟ್ಟ್ಯಾಗ ಹಿಡಿಯಂಗಿಲ್ಲ ಅಂತ."

ಗೋರಖನಾಥ ನಕ್ಕ. ಒಳಗೊಳಗೇ ಅವನಿಗೆ ಹೆಮ್ಮೆಯಿತ್ತು. ಮೊದಲಿನ ಬಿಲ್ಲು ಇಂಗ್ಲಿಷಿನಲ್ಲಿರುತ್ತಿತ್ತು. ರೋಗಿಗಳ ಮನೆಯವರು ಅದನ್ನು ತಲೆಕೆಳಗೆ ಹಿಡಿದು ನೋಡಿ ಮಡಚಿಟ್ಟುಕೊಳ್ಳುತ್ತಿದ್ದರು. ಬಲಗಡೆಯ ಬಾಬ್ತುಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದವನು ಅವನು. ತಾನು ಕೊಡುವುದು ಯಾತಕ್ಕೆಂದು ಮನುಷ್ಯನಿಗೆ ಓದಿ ತಿಳಿಯಬೇಕು ಎಂಬುದು ಅವನ ಹಟ. ಇನ್ನೊಂದು ಅನುಕೂಲವನ್ನೂ ಮಾಡಿದ್ದ. ಹೆರಿಗೆ ಎಂದು ಒಂದು ಕೀಲಿ ಒತ್ತಿದರೆ ಸಾಕು, ಬಲಗಡೆಯ ಸಾಮಾನೆಲ್ಲ ಗಂಟು ಬಿಚ್ಚಿದ ಹಾಗೆ ಬಿಲ್ಲಿನಲ್ಲಿ ಬಂದು ಬೀಳುತ್ತಿತ್ತು. ಬೇಡವಾದದ್ದನ್ನು ತೆಗೆದರಾಯಿತು.

ಉಡಿಯ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಅವನ ಮನೆಯಲ್ಲಿ ಉಡಿ ತುಂಬುವುದು ಇರಲಿಲ್ಲ. ಅಪ್ಪ ಕಾಶೀರಾಮ ಬೌದ್ಧನಾದ ಮೇಲೆ ಅದನ್ನು ಬಿಟ್ಟುಬಿಟ್ಟ ಎಂದು ಅವನು ತಿಳಿದಿದ್ದ. ಅವನ ಮದುವೆ ಬುದ್ಧವಂದನೆಯಲ್ಲಿ ಮುಗಿಯಿತು, ಅವನ ಹೆಂಡತಿಯ ಸೆರಗಿಗೆ ಯಾರೂ ಕಾಳು ಹಾಕಲಿಲ್ಲ, ಅವಳೂ ಕೇಳಲಿಲ್ಲ. ಹೀಗಾಗಿ ಉಡಿ ಎಂದರೆ ಅವನ ಮಟ್ಟಿಗೆ ತಾಯಿಗೆ ಕೊಡುವ ಒಂದು ಪೊಟ್ಟಣ, ಅಷ್ಟೇ. ಯಾರಿಗೆ ತುಂಬಬೇಕು, ಯಾರಿಗೆ ತುಂಬಬಾರದು ಎಂಬ ಕಟ್ಟಳೆ ಅವನ ಕಿವಿಗೆ ಬಿದ್ದಿರಲಿಲ್ಲ.

ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ಹೋದ ಬೇಸಿಗೆ ಅದು. ಔರಾದ ಕಡೆಯ ಹಳ್ಳಿಗಳಲ್ಲಿ ಬಾವಿಯ ತಳ ಕಂಡಿತ್ತು. ಜನ ಮನೆಗೆ ಬೀಗ ಹಾಕಿ, ಕೀಲಿಯನ್ನು ಉಳಿದವರ ಕೈಗೆ ಕೊಟ್ಟು, ಹೈದರಾಬಾದಿಗೂ ಪುಣೆಗೂ ಕಟ್ಟಡದ ಕೆಲಸಕ್ಕೆ ಹೊರಟಿದ್ದರು. ಆಮೇಲಾಮೇಲೆ ಕೀಲಿ ಕೊಡುವುದಕ್ಕೂ ಯಾರೂ ಉಳಿಯಲಿಲ್ಲ.

ಠಾಣಾ ಕುಶನೂರಿನ ಜ್ಞಾನೇಶ್ವರನ ಮನೆಯೂ ಹೀಗೇ ಹೊರಡುವುದರಲ್ಲಿತ್ತು. ಕುರಿ ಸಾಕಿದ ಮನೆತನ. ಕುರಿಗಳನ್ನು ದೊಡ್ಡಪ್ಪ ಧೊಂಡಿಬಾ ಮೇವು ಇದ್ದ ಕಡೆ ಹೊಡೆದುಕೊಂಡು ಹೋಗಿದ್ದ. ಮನೆಯಲ್ಲಿ ಉಳಿದವರು ಜ್ಞಾನೇಶ್ವರ, ಗಂಡನನ್ನು ಕಳೆದುಕೊಂಡ ಅವನ ತಾಯಿ ಸುಂದರಬಾಯಿ, ತುಂಬಿದ ಬಸುರಿ ಹೆಂಡತಿ ಅಂಜನಾಬಾಯಿ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಅವಳ ತವರು ಭಾಲ್ಕಿ ಹತ್ತಿರದ ಹಳ್ಳಿ, ಅಲ್ಲಿಯ ಮನೆಗೆ ಆಗಲೇ ಬೀಗ ಬಿದ್ದಿತ್ತು. ತಂದೆ ತಾಯಿ ಅಣ್ಣಂದಿರು ಎಲ್ಲ ಪುಣೆಯ ಯಾವುದೋ ಕಟ್ಟಡದ ನೆರಳಿನಲ್ಲಿದ್ದರು. ಹೆರಿಗೆಯಾದ ಮೇಲೆ ಹೈದರಾಬಾದಿಗೆ ಹೋದರಾಯಿತು ಎಂದು ಇವರು ಕಾದರು. ದಿನ ತುಂಬುವ ಮೊದಲೇ ನೋವು ಬಂತು. ಔರಾದದ ಆಸ್ಪತ್ರೆಯವರು ಬೀದರಿಗೆ ಒಯ್ಯಿರಿ ಎಂದರು. ಬೀದರಿನಲ್ಲಿ ಗಂಡು ಕೂಸು ಹುಟ್ಟಿತು, ಒಂದು ರಾತ್ರಿ ಉಸಿರಾಡಿತು, ಬೆಳಗಾಗುವುದರೊಳಗೆ ನಿಂತಿತು.

ಜ್ಞಾನೇಶ್ವರ ಕೂಸನ್ನು ಮಣ್ಣು ಮಾಡಿ ಬಂದ. ಅಂಜನಾಬಾಯಿ ಗೋಡೆಯ ಕಡೆ ಹೊರಳಿ ಮಲಗಿದವಳು ಆಮೇಲೆ ಈ ಕಡೆ ತಿರುಗಲಿಲ್ಲ. ಅಳಲಿಲ್ಲ, ಮಾತಾಡಲಿಲ್ಲ. ಗಂಜಿ ಕುಡಿಸಿದರೆ ಕುಡಿದಳು, ಕುಡಿಸದಿದ್ದರೆ ಕೇಳಲಿಲ್ಲ. ಎದೆ ಹಾಲಿಗೆ ಬಿಗಿದು ಕಲ್ಲಾಗಿದೆ ಎಂದು ಪುತಳಾಬಾಯಿ ಹೊರಗೆ ಬಂದು ಕಣ್ಣೊರೆಸಿಕೊಂಡಳು. "ಅತ್ತರ ಛೊಲೊ ಇತ್ತರಿ. ಅಳದ ಹೆಣ್ಣು ನೋಡಿದ್ರ ನನಗ ಅಂಜಿಕಿ ಬರ್ತದ," ಎಂದು ಗೋರಖನಾಥನ ಕಿಟಕಿಯ ಬಳಿ ಹೇಳಿಹೋದಳು.

ಡಿಸ್ಚಾರ್ಜ್ ದಿನ ಬಂತು. ಅಂದು ಡಾಕ್ಟರಬಾಯಿ ಭಾಲ್ಕಿಗೆ ಹೋಗುವ ದಿನ. ಕಾಗದಗಳಿಗೆಲ್ಲ ಮೊದಲೇ ರುಜು ಹಾಕಿ ಹೋಗಿದ್ದರು. ಸಂಜೆಗೆ ಮುಕಾದಮನ ಲಾರಿ, ಅಂದರೆ ಕೂಲಿಯವರನ್ನು ಕರೆದೊಯ್ಯುವವನ ಲಾರಿ, ಬೀದರಿನಿಂದಲೇ ಹೈದರಾಬಾದಿಗೆ ಹೊರಡುವುದಿತ್ತು. ಊರಿಗೆ ಹೋಗಿ ಮಾಡುವುದೇನು ಎಂದು ಆ ಮೂವರೂ ಆಸ್ಪತ್ರೆಯಿಂದ ನೇರ ಲಾರಿ ಹತ್ತುವವರು.

ಗೋರಖನಾಥ ಬಿಲ್ಲು ತೆರೆದ. ಹೆರಿಗೆ ಎಂದು ಒತ್ತಿದ. ಗಂಟು ಬಿಚ್ಚಿ ಬಿತ್ತು. ಅವನು ಅದನ್ನು ಹಾಗೇ ಅಚ್ಚಿಗೆ ಕಳಿಸುವ ಕಲ್ಲೆದೆಯವನಲ್ಲ. ಕೂಸಿನ ಕುಲಾಯಿ, ತೆಗೆದ. ಕೂಸಿನ ದುಪಟಿ, ತೆಗೆದ. ಲಸಿಕೆಯ ಚೀಟಿ, ಜನನದ ದಾಖಲೆಯ ಓಡಾಟ, ಅವನ್ನೂ ತೆಗೆದ. ಒಂದೊಂದಕ್ಕೂ ಕಂಪ್ಯೂಟರು "ಖಾತ್ರಿಯೇ?" ಎಂದು ಕೇಳುತ್ತಿತ್ತು, ಒಂದೊಂದಕ್ಕೂ ಅವನು ಹೌದು ಎನ್ನಬೇಕಾಗುತ್ತಿತ್ತು. ಕೊನೆಗೆ "ಉಡಿ ಸಾಮಾನು" ಉಳಿಯಿತು. ಬೆರಳು ಕೀಲಿಯ ಮೇಲೆ ನಿಂತಿತು. ಇದು ತಾಯಿಗೆ ಕೊಡುವುದಲ್ಲವೇ, ಕೂಸು ಹೋದರೂ ತಾಯಿ ಇದ್ದಾಳಲ್ಲ, ಎಲ್ಲ ಕಳೆದುಕೊಂಡವಳ ಕೈಯಿಂದ ಇದನ್ನೂ ಕಸಿಯಬೇಕೇ ಎಂದುಕೊಂಡ. ಉಳಿಸಿದ. ಉಳಿಸಿ, ಬಿಲ್ಲು ಮುಗಿಸಿ, ಅಚ್ಚು ತೆಗೆದು ಕೊಟ್ಟ. ಒಳ್ಳೆಯದು ಮಾಡಿದೆ ಎಂಬ ಸಮಾಧಾನವೂ ಅವನಿಗೆ ಆಯಿತು.

ಜ್ಞಾನೇಶ್ವರ ಏಳನೆಯ ತನಕ ಶಾಲೆಗೆ ಹೋದವನು. ದುಡ್ಡು ಕಟ್ಟಿ, ವಾರ್ಡಿಗೆ ಹೋಗಿ, ತಾಯಿಗೆ ಕೇಳಿಸಲೆಂದು ಬಿಲ್ಲನ್ನು ಗಟ್ಟಿಯಾಗಿ ಓದಿದ. ಮಂಚ, ಕಾಯಿಸಿದ ನೀರು, ಉಡಿ ಸಾಮಾನು. ಓದಿ ನಾಲಿಗೆ ಕಚ್ಚಿಕೊಂಡ.

ಆಗ ಗೋಡೆಯ ಕಡೆ ಮುಖ ಮಾಡಿದವಳು ಹೊರಳಿದಳು.

"ಏನಂದ್ರಿ?"

ಜ್ಞಾನೇಶ್ವರ ಮತ್ತೊಮ್ಮೆ ಓದಬೇಕಾಯಿತು. ಅಂಜನಾಬಾಯಿ ಎದ್ದು ಕೂತಳು. ಕೂದಲು ಬಿಚ್ಚಿ, ಬೆರಳಿನಿಂದಲೇ ಬಾಚಿ, ಗಂಟು ಹಾಕಿದಳು. ಮುಖ ತೊಳೆದಳು. ಅತ್ತೆಯ ಚೀಲದಿಂದ ಇದ್ದುದರಲ್ಲಿ ಒಳ್ಳೆಯ ಸೀರೆ ತೆಗೆದು ಉಟ್ಟಳು. ಆಮೇಲೆ ಗೋಡೆ ಹಿಡಿದುಕೊಂಡು ನಡೆದು ಬಂದು, ಬಾಗಿಲ ಬಳಿಯ ಬೆಂಚಿನ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತಳು. ಅಲ್ಲಿ ಕೂತು ಹೋದ ಬಾಣಂತಿಯರನ್ನು ಅವಳು ಹೆರಿಗೆಗೆ ಮೊದಲು ವಾರ್ಡಿನ ಕಿಟಕಿಯಿಂದ ನೋಡಿದ್ದಳು.

ಬಿಲ್ಲಿನ ಕಿಟಕಿಗೆ ಆ ಬೆಂಚು ನೇರ ಕಾಣುತ್ತಿತ್ತು. ಗೋರಖನಾಥನಿಗೆ ಸಂತೋಷವಾಯಿತು. ಪುತಳಾಬಾಯಿಯನ್ನು ಕರೆದು, "ಮಾವಶಿ, ಆ ತಾಯಿಗಿ ಉಡಿ ತುಂಬಿ ಕಳಸ್ರಿ, ಬಿಲ್ಲಾಗ ಅದ," ಎಂದ.

ಪುತಳಾಬಾಯಿ ಬೆಂಚಿನ ಕಡೆ ನೋಡಿದಳು. ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ಏನ್ ಮಾಡಿದ್ರಿ ಗೋರಖಣ್ಣ? ಕೂಸು ಹೋಗಿ ಸೂತಕದಾಗ ಇದ್ದಾಕಿಗಿ ಉಡಿ ತುಂಬ್ತಾರೇನ್ರಿ?"

"ತುಂಬಂಗಿಲ್ಲೇನು?"

"ತುಂಬಂಗಿಲ್ಲರಿ! ತುಂಬಿದಾಕಿಗೂ ಛೊಲೊ ಅಲ್ಲ, ತುಂಬಿಸ್ಕೊಂಡಾಕಿಗೂ ಛೊಲೊ ಅಲ್ಲ. ನನ್ನ ಮಗಳು ಏಳು ತಿಂಗಳ ಬಸುರಿ ಇದ್ದಾಳ. ನನ್ನ ಕೈಲೆ ಆಗಂಗಿಲ್ಲರಿ. ಕಾಲ ಬೀಳ್ತೇನಿ, ನನಗ ಹೇಳಬ್ಯಾಡ್ರಿ."

ಅವಳನ್ನು ಬೈಯುವ ಹಾಗಿರಲಿಲ್ಲ. ಮಗಳ ಹೊಟ್ಟೆಯ ಕೂಸಿಗಾಗಿ ಹೆದರುವ ತಾಯಿಯನ್ನು ಯಾರು ಬೈದಾರು? ಗೋರಖನಾಥ ಪರದೆಯ ಮೇಲಿನ ಆ ಸಾಲನ್ನು ಮತ್ತೊಮ್ಮೆ ಓದಿದ. ಹಟ ಮಾಡಿ ಕನ್ನಡದಲ್ಲಿ ಬರೆದದ್ದು ತಾನು. ಉಳಿಸಿದ್ದೂ ತಾನು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ, ಅಚ್ಚಾಗಿ ಕೈ ಸೇರಿದ ಮಾತಿನ ಗತಿ ಇನ್ನೇನು?

ಅವನು ರಶೀದ ಅಹ್ಮದರ ಕೋಣೆಗೆ ಓಡಿದ. ಅವರು ಎಲ್ಲ ಕೇಳಿ ಗಡ್ಡ ಸವರಿಕೊಂಡರು.

"ಗಲತಿ ಆಗ್ಯದ. ಆ ಬಾಬ್ತು ರದ್ದು ಮಾಡ್ತೇನಿ, ರೊಕ್ಕ ವಾಪಸ್ ಕೊಡು, ಮಾಫಿ ಕೇಳು. ಇದಕ್ಕಿಂತ ನಾವೇನ್ ಮಾಡಲಾಕ ಬರ್ತದ ಬೇಟಾ?"

ಅದು ನ್ಯಾಯದ ಮಾತು. ಗೋರಖನಾಥ ದುಡ್ಡು ತೆಗೆದುಕೊಂಡು ಬೆಂಚಿನ ಹತ್ತಿರ ಹೋದ. ಅಂಜನಾಬಾಯಿಗೆ ಕೇಳಿಸಬಾರದೆಂದು ಸುಂದರಬಾಯಿಯನ್ನು ಕಂಬದ ಮರೆಗೆ ಕರೆದು, ತಪ್ಪಾಗಿದೆ, ಆ ಸಾಲು ಬರಬಾರದಿತ್ತು, ಇದು ನಿಮ್ಮ ದುಡ್ಡು ಎಂದು ತೊದಲಿದ.

ಮುದುಕಿ ದುಡ್ಡಿನ ಕಡೆ ನೋಡಲಿಲ್ಲ.

"ಸಾಹೇಬ್ರ, ನಮಗೂ ರೀತಿ ಗೊತ್ತದರಿ. ಈ ಹೊತ್ತಿನ್ಯಾಗ ತುಂಬಂಗಿಲ್ಲ, ಖರೆ ಅದ. ಮಗ ಓದಿದ್ದು ಕೇಳಿ ನಾ ಎದಿ ಒಡಕೊಂಡೆ. ಆದ್ರ ಆಕಿ ಎದ್ದು ಕುಂತಾಳ ನೋಡ್ರಿ. ಸತ್ತಂಗ ಬಿದ್ದಾಕಿ, ತನ್ನ ಕೈಲೆ ತಲಿ ಹಿಕ್ಕೊಂಡು ಕುಂತಾಳ. ಈಗ ಹೋಗಿ, ಇಲ್ಲವ್ವಾ, ನಿನಗಲ್ಲ, ತಪ್ಪಿ ಬರದಾರ ಅಂತ ಹ್ಯಾಂಗ ಹೇಳಲಿ? ಹಾಂಗೇ ಲಾರಿ ಹತ್ತಿಸಿದ್ರ ಆಕಿ ಹೈದರಾಬಾದ ಮುಟ್ಟಂಗಿಲ್ಲರಿ."

"ನೀವೇ ತುಂಬ್ರಿ ಅವ್ವಾ. ಸಾಮಾನು ಕೊಡ್ತೇನಿ."

"ನಾ ರಂಡಿಮುಂಡಿ. ನನ್ನ ಕೈ ಬರಂಗಿಲ್ಲ," ಎಂದಳು ಸುಂದರಬಾಯಿ. "ರೊಕ್ಕ ಬ್ಯಾಡ್ರಿ. ಯಾರಾದ್ರೂ ಒಬ್ಬರನ್ನ ನೋಡ್ರಿ."

ಗೋರಖನಾಥ ಮರಳಿ ತನ್ನ ಕುರ್ಚಿಗೆ ಬಂದ. ಬೆಂಚಿನ ಮೇಲೆ ಆ ಹುಡುಗಿ ಕೂತೇ ಇದ್ದಳು. ಹುಡುಗಿಯೇ, ಇನ್ನೂ ಇಪ್ಪತ್ತೂ ದಾಟಿರಲಿಕ್ಕಿಲ್ಲ. ಸೆರಗನ್ನು ಮಡಿಲಲ್ಲಿ ಹರವಿ, ಎರಡೂ ತುದಿ ಹಿಡಿದುಕೊಂಡಿದ್ದಳು. ಅವಳು ಯಾರನ್ನೂ ಕರೆಯಲಿಲ್ಲ, ಯಾಕೆ ತಡ ಎಂದೂ ಕೇಳಲಿಲ್ಲ. ಬಿಲ್ಲಿನಲ್ಲಿ ಬರೆದದ್ದು ಬಂದೇ ಬರುತ್ತದೆ ಎಂದು ನಂಬಿ ಕೂತಿದ್ದಳು. ಆ ನಂಬಿಕೆಯನ್ನು ನೋಡುವುದು ಗೋರಖನಾಥನಿಗೆ ಕಷ್ಟವಾಯಿತು. ಹೆಂಡತಿಗೆ ಫೋನು ಮಾಡೋಣ ಎಂದುಕೊಂಡ, ಅವಳಿಗೂ ತನ್ನಷ್ಟೇ ಗೊತ್ತು. ಕೊನೆಗೆ ಭಾಲ್ಕಿಗೆ, ತಾಯಿ ಶಾಲುಬಾಯಿಗೆ ಮಾಡಿದ.

"ಅವ್ವಾ, ಉಡಿ ಯಾರ್ಯಾರು ತುಂಬಬಹುದು?"

"ನಿನಗ್ಯಾಕೋ ಉಡಿ ಸುದ್ದಿ?"

ಅವನು ಎಲ್ಲ ಹೇಳಿದ, ಹುಡುಗಿಯ ತವರು ಭಾಲ್ಕಿ ಕಡೆಯದು ಎಂದು ದಾಖಲೆಯಲ್ಲಿ ಕಂಡದ್ದನ್ನೂ ಹೇಳಿದ.

"ಕೇಳು ಮಗಾ," ಎಂದಳು ಶಾಲುಬಾಯಿ. "ನಿನಗ ಒಂದ್ ಮಾತು ಹೇಳಿಲ್ಲ. ನಾ ಹೊಸಾ ಸೊಸಿ ಇದ್ದಾಗ ಊರ ಗೌಡರ ಮನ್ಯಾಗ ಉಡಿ ತುಂಬ್ತೇವಿ ಬಾ ಅಂತ ಕರದ್ರು. ಹೊಸಾ ಸೀರಿ ಉಟ್ಕೊಂಡು ಹೋದೆ. ಅಂಗಳದಾಗ ನಿಂದರ್ಸಿ, ಕಟ್ಟಿ ಮ್ಯಾಲಿಂದ ಜೋಳ ಸುರುವಿದ್ರು. ಸೆರಗು ಮುಟ್ಟಬಾರದಲ್ಲ, ಅದಕ್ಕ. ಅರ್ಧ ಉಡ್ಯಾಗ ಬಿತ್ತು, ಅರ್ಧ ಮಣ್ಣಾಗ ಬಿತ್ತು. ನಾ ಮಣ್ಣಾಗಿಂದೂ ಆರಿಸ್ಕೊಂಡೆ. ನಿಮ್ಮಪ್ಪ ನೋಡಿದ. ಮನಿಗಿ ಬಂದು, ಇನ್ನ ಈ ಮನ್ಯಾಗ ಉಡಿ ಅನ್ನೋ ಮಾತೇ ಬ್ಯಾಡ ಅಂದ. ದೀಕ್ಷಾ ತಗೊಂಡಿದ್ದು ಅದರ ಮರುವರ್ಷ."

ಧರ್ಮ ಬದಲಾದ್ದರಿಂದ ಉಡಿ ಹೋಯಿತು ಎಂದು ಗೋರಖನಾಥ ಇಷ್ಟು ವರ್ಷ ತಿಳಿದಿದ್ದ. ಮೊದಲು ಹೋದದ್ದು ಉಡಿ. ಅಪ್ಪ ಇದನ್ನು ತನಗೇಕೆ ಹೇಳಲಿಲ್ಲ ಎಂದು ಸಿಟ್ಟೂ ಬಂತು, ಹೇಳದೆ ನುಂಗಿಕೊಂಡು ಹೋದನಲ್ಲ ಎಂದು ಮರುಕವೂ ಬಂತು.

"ಹಾಂಗಾರ ಬ್ಯಾಡ ಬಿಡು ಅವ್ವಾ," ಎಂದ.

"ಯಾಕ ಬ್ಯಾಡ? ಉಡಿ ತುಂಬೋದು ಕೆಟ್ಟಲ್ಲ ಮಗಾ, ಮ್ಯಾಲಿಂದ ಸುರುವೋದು ಕೆಟ್ಟ. ಸೂತಕ ಗೀತಕ ನಮ್ಮನ್ಯಾಗ ಯಾರು ನೋಡ್ತಾರ? ತವರಿನ ಅಣ್ಣ ತುಂಬಿದ್ರ ನಡೀತದ. ಭಾಲ್ಕಿ ಕಡೀಕಿ ಅಂದಿ, ಅಂದ್ರ ನಿನಗ ತಂಗಿನೇ ಆದಳು. ಆದ್ರ ಒಂದು ನೆನಪಿಡು. ನಾ ಇಂಥವ ಅಂತ ಹೇಳಿ ತುಂಬು. ಮುಚ್ಚಿಟ್ಟು ತುಂಬಿದ್ರ ನಾಳಿ ಗೊತ್ತಾದ ಮ್ಯಾಲ ಆ ಹುಡುಗಿಗಿ ಅದೊಂದು ಸಂಕಟ ಬ್ಯಾಡ."

"ಹೇಳಿದ ಮ್ಯಾಲ ಅವ್ರು ಬ್ಯಾಡ ಅಂದ್ರ?"

"ಬ್ಯಾಡ ಅಂದ್ರ ಬರಿದಾಗೋದು ಅವರ ಉಡಿ. ನಿಂದೇನು ಹೋಗ್ತದ?"

ತಾಯಿ ಹಾಗೆ ಹೇಳಿ ಫೋನು ಇಟ್ಟಳು. ತನ್ನದೇನೂ ಹೋಗುವುದಿಲ್ಲವೇ? ಹೋಗುತ್ತದೆ ಎಂದು ಗೋರಖನಾಥನಿಗೆ ಗೊತ್ತಿತ್ತು. ಕುರ್ಚಿಯ ಮೇಲೆ ಕೂತ ತನಕ ಅವನು ಎಲ್ಲರಿಗೂ ಸಾಹೇಬ. ಕಿಟಕಿಯ ಈ ಕಡೆಯ ಮನುಷ್ಯ ಯಾರ ಮನೆಯವನು ಎಂದು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಈಗ ತಾನಾಗಿಯೇ ಎದ್ದುಹೋಗಿ, ಹೆಸರು ಹೇಳಿ, ಒಬ್ಬ ಮುದುಕಿಯ ಮುಖ ಹೇಗೆ ಬದಲಾಗುತ್ತದೆಂದು ನಿಂತು ನೋಡಬೇಕು. ಕೈಯಲ್ಲಿ ವಾಪಸು ಕೊಡಬೇಕಾದ ದುಡ್ಡು ಇನ್ನೂ ಇತ್ತು. ಅದನ್ನು ಜ್ಞಾನೇಶ್ವರನ ಕಿಸೆಗೆ ತುರುಕಿದರೆ ಎಲ್ಲ ಮುಗಿಯಿತು, ಕಾನೂನಿನಂತೆ ಮುಗಿಯಿತು. ಕಿಟಕಿಯಾಚೆ ಅಂಜನಾಬಾಯಿ ಒಂದು ಕೈಯಿಂದ ಸೆರಗಿನ ಸುಕ್ಕು ನೇವರಿಸಿ ಸರಿಮಾಡುತ್ತಿದ್ದಳು.

ಅವನು ಎದ್ದ. ಉಗ್ರಾಣಕ್ಕೆ ಹೋಗಿ ಒಂದು ಮೊರದಲ್ಲಿ ಜೋಳ ತುಂಬಿಕೊಂಡ, ಉಳಿದ ಸಾಮಾನು ಮೇಲಿಟ್ಟುಕೊಂಡ. ಹಸಿರು ಖಣ ಒಂದು, ಕೆಂಪು ಖಣ ಒಂದು ಇದ್ದವು. ಯಾವುದು ಎಂದು ತಿಳಿಯದೆ ಹಸಿರನ್ನು ತೆಗೆದುಕೊಂಡ. ಬೆಂಚಿನ ಮುಂದೆ ಬಂದು ನಿಂತ. ಜ್ಞಾನೇಶ್ವರ, ಸುಂದರಬಾಯಿ ಇಬ್ಬರೂ ಅವನ ಕೈಯ ಮೊರವನ್ನೂ ಮುಖವನ್ನೂ ನೋಡಿದರು.

"ಅವ್ವಾ, ತುಂಬೋರು ಯಾರೂ ಸಿಗಲಿಲ್ಲರಿ. ನಂದು ಭಾಲ್ಕಿ. ನಿಮ್ಮ ಸೊಸಿ ತವರಿನ ಕಡಿಯವ. ಅಣ್ಣ ಅಂತ ತಿಳಕೊಂಡ್ರ ನಾ ತುಂಬ್ತೇನಿ." ಮೊರವನ್ನು ಕೆಳಗಿಳಿಸಿ ಹಿಡಿದು ಮುಂದುವರಿಸಿದ. "ಆದ್ರ ಮೊದಲೇ ಹೇಳ್ತೇನಿ. ನಾವು ಬೌದ್ಧರು. ಕೇರಿ ಮಂದಿ. ನನ್ನ ಕೈ ನಡೀತದೋ ಇಲ್ಲೋ ನೀವೇ ಹೇಳ್ರಿ. ಇಲ್ಲ ಅಂದ್ರೂ ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ."

ಕೊನೆಯ ಮಾತು ಸುಳ್ಳು.

ಸುಂದರಬಾಯಿ ನೆಲ ನೋಡಿದಳು. ಒಳ್ಳೆಯ ಹೆಂಗಸೇ, ಆದರೆ ಒಳ್ಳೆಯವರ ಬೆನ್ನಿಗೂ ಊರು ಇರುತ್ತದೆ. "ಸಾಹೇಬ್ರ, ನಮಗೇನಿಲ್ಲರಿ... ಆದ್ರ ನಾಳಿ ಊರಾಗ ನಾಕು ಮಂದಿ..." ಎಂದು ಶುರುಮಾಡಿದಳು. ಜ್ಞಾನೇಶ್ವರ ಗೋಡೆಯ ಮೇಲಿನ ಕ್ಯಾಲೆಂಡರನ್ನು ಹೊಸದಾಗಿ ಕಂಡವನಂತೆ ನೋಡತೊಡಗಿದ.

"ಭಾಲ್ಕ್ಯಾಗ ಎಲ್ಲಿರಿ?"

ಕೇಳಿದವಳು ಅಂಜನಾಬಾಯಿ. ಧ್ವನಿ ತುಕ್ಕು ಹಿಡಿದಂತಿತ್ತು.

"ಸ್ಟೇಶನ್ ಕಡಿ," ಎಂದ ಗೋರಖನಾಥ.

"ನಮ್ಮಪ್ಪ ಭಾಲ್ಕಿ ಸಂತಿಗಿ ಕುರಿ ಹೊಡಕೊಂಡ ಬರ್ತಿದ್ದ. ನಾನೂ ಬರ್ತಿದ್ದೆ. ಸ್ಟೇಶನ್ ಹಾದಿಲೇ ಹೋಗ್ತಿದ್ವಿ. ಅಲ್ಲಿ ಒಂದ್ ಮನ್ಯಾಗ ಕುಡೀಲಾಕ ನೀರು ಕೊಡ್ತಿದ್ರು." ಅವಳು ಅತ್ತೆಯ ಕಡೆ ತಿರುಗಿದಳು. "ಊರಾಗ ನಾಕು ಮಂದಿ ಎಲ್ಲಿ ಅದಾರತ್ತಿ? ಎಲ್ಲಾ ಮನಿಗಿ ಕೀಲಿ ಹಾಕ್ಯಾರ. ನನ್ನ ಅಣ್ಣಗಳು ಬರಲಿಲ್ಲ. ಈ ಅಣ್ಣ ಬಂದಾನ."

ಹೇಳಿ, ಸೆರಗನ್ನು ಮುಂದಕ್ಕೆ ಚಾಚಿ ಹಿಡಿದಳು. ಸುಂದರಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು, ಬೇಡ ಎನ್ನಲಿಲ್ಲ.

ನಿಂತು ಹಾಕಲು ಗೋರಖನಾಥನಿಗೆ ಮನಸ್ಸಾಗಲಿಲ್ಲ. ಆ ಹುಡುಗಿಯ ಮುಂದೆ ನೆಲಕ್ಕೆ ಮಂಡಿಯೂರಿದ. ಮೊರವನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ. ಖಣಕ್ಕೆ ಕೈ ಹಾಕಿದ.

"ಮೊದಲು ಅರಿಷಿಣ ಕುಂಕುಮ!" ಬಾಗಿಲ ಹಿಂದಿನಿಂದ ಪುತಳಾಬಾಯಿಯ ಧ್ವನಿ. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ. "ಆಕಿ ತಾನೇ ಹಚ್ಕೊಳ್ಳಲಿ. ಈಗ ಜೋಳ. ಒಂದ್ ಕೈಲೆ ಅಲ್ಲರಿ, ಬೊಗಸಿಲೆ! ಐದು ಸಲ. ಬೀಳಸಬ್ಯಾಡ್ರಿ, ನಿಮ್ಮ ಕಂಪ್ಯೂಟರ ಏನ್ ಅದು?"

ಎಲ್ಲರಿಗೂ ಅಳು ಬರುವಂಥ ಹೊತ್ತಿನಲ್ಲಿ ಜ್ಞಾನೇಶ್ವರನಿಗೆ ನಗು ಬಂತು, ಅವನು ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡ. ಗೋರಖನಾಥ ಹೇಳಿದಂತೆ ಮಾಡಿದ. ಬೊಗಸೆಯನ್ನು ಸೆರಗಿನೊಳಕ್ಕೆ ಇಳಿಸಿ, ತಳಕ್ಕೆ ಮುಟ್ಟಿಸಿ, ಮೆಲ್ಲಗೆ ಬಿಚ್ಚಿದ. ಪ್ರತಿ ಬೊಗಸೆಗೂ ಸೆರಗು ಭಾರವಾಗಿ ಕೆಳಕ್ಕೆ ಜಗ್ಗಿತು, ಅಂಜನಾಬಾಯಿ ತುದಿಗಳನ್ನು ಬಿಗಿಹಿಡಿದಳು. ಕೊಬ್ಬರಿ, ಉತ್ತತ್ತಿ, ಅರಿಶಿನದ ಬೇರು, ಮೇಲೆ ಹಸಿರು ಖಣ. ಮಂತ್ರ ಅವನಿಗೆ ಬರುತ್ತಿರಲಿಲ್ಲ, ಹಾಡೂ ಬರುತ್ತಿರಲಿಲ್ಲ. "ಛೊಲೊ ಆಗಲಿ ತಂಗಿ," ಎಂದ. ಬೇರೆ ಮಾತು ಹೊಳೆಯಲಿಲ್ಲ.

ಮುಗಿಯಿತೆಂದು ಅವನು ಏಳಹೊರಟ. ಅಂಜನಾಬಾಯಿ "ತಡೀರಿ" ಎಂದಳು.

ತುಂಬಿದ ಉಡಿಯನ್ನೆಲ್ಲ ಹೆಣ್ಣುಮಗಳು ಹೊತ್ತುಕೊಂಡು ಹೋಗುವುದಿಲ್ಲ, ತುಂಬಿದವರಿಗೆ ಒಂದು ಹಿಡಿ ಮರಳಿ ಕೊಟ್ಟೇ ಹೋಗುತ್ತಾಳೆ. ಅದು ಗೋರಖನಾಥನಿಗೆ ಗೊತ್ತಿರಲಿಲ್ಲ. ಅವಳು ಸೆರಗಿನೊಳಗೆ ಕೈ ಇಳಿಸಿ ಒಂದು ಮುಷ್ಟಿ ಜೋಳ ತೆಗೆದಳು.

"ಕೈ ಹಿಡೀರಿ ಅಣ್ಣಾ. ತವರಮನಿ ಬರಿದು ಆಗಬಾರದು."

ಅವನು ಎರಡೂ ಕೈ ಜೋಡಿಸಿ ಒಡ್ಡಿದ. ಅವಳು ತನ್ನ ಮುಷ್ಟಿಯನ್ನು ಅವನ ಬೊಗಸೆಯೊಳಕ್ಕೆ ಊರಿ ಬಿಚ್ಚಿದಳು. ಬಿಚ್ಚಿದ ಕೈಯನ್ನು ತೆಗೆಯಲಿಲ್ಲ. ಅಲ್ಲೇ ಕಾಳಿನ ಮೇಲೆ ಇಟ್ಟುಕೊಂಡು, ತಲೆ ಬಾಗಿಸಿ, ಆ ಕೈಗಳ ಮೇಲೆ ಹಣೆಯಿಟ್ಟು, ಆಸ್ಪತ್ರೆಗೆಲ್ಲ ಕೇಳುವ ಹಾಗೆ ಅಳತೊಡಗಿದಳು. ಕೂಸು ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಗೋರಖನಾಥನೂ ಅತ್ತ. ಒಂದು ಕಾಳೂ ನೆಲಕ್ಕೆ ಬೀಳದಂತೆ ಬೊಗಸೆ ಬಿಗಿಹಿಡಿದುಕೊಂಡು ಅತ್ತ.